ಗದ್ದೆ ಮುಚ್ಚುವ ಮೊದಲು ಜುಲೈನಲ್ಲೊಮ್ಮೆ ಬಂದು ನೋಡಿ

ನಮ್ಮ ಮನೆ ಕೆಳಗಿನ ಗದ್ದೆಗೆ ಕಳೆದ ಜನವರಿಯಲ್ಲಿ ಮಣ್ಣು ತುಂಬಿಸಿದರು. ಒಂದು ಜೆಸಿಬಿ, ಎರಡು ಟಿಪ್ಪರ್, ಹನ್ನೊಂದು ದಿನದ ಕೆಲಸ. ಮಣ್ಣು ದೂರದಿಂದ ತರಲಿಲ್ಲ. ಎದುರಿನ ಗುಡ್ಡದ ಬರೆ (ಇಳಿಜಾರು) ಕಡಿದು ಅದೇ ಮಣ್ಣನ್ನು ಕೆಳಗೆ ಸುರಿದರು. ಮೇಲೆ ಕಾಟೇಜ್, ಕೆಳಗೆ ಪಾರ್ಕಿಂಗ್ ಬರುತ್ತಂತೆ.

ಕೊಡಗಿನಲ್ಲಿ ಈಗ ಜಾಸ್ತಿ ನಡೆಯುತ್ತಿರುವುದು ಇದೇ. ಕಡಿದ ಬರೆಗೆ ಬುಡದ ಆಸರೆ ಹೋಯ್ತು. ಮುಚ್ಚಿದ ಗದ್ದೆಗೆ ನೀರು ಹಿಡಿಯುವ ಶಕ್ತಿ ಹೋಯ್ತು. ಒಂದೇ ಮಣ್ಣು, ಎರಡು ಕಡೆ ಪೆಟ್ಟು.

ನಮ್ಮ ಗದ್ದೆಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ಗುಡ್ಡದ ಸಂದಿನ ಕೊಲ್ಲಿಯಿಂದ ಇಳಿದ ನೀರು ಮೇಲಿನ ಗದ್ದೆ ತುಂಬಿಸಿ, ಬದುವಿನ ಕಂಡಿಯಿಂದ ಕೆಳಗಿನದಕ್ಕೆ ಇಳಿದು, ಕೊನೆಗೆ ತೋಡು ಸೇರುತ್ತದೆ. ಅಷ್ಟು ಹೊತ್ತು ಅಲ್ಲಿ ನಿಂತ ನೀರು ಸ್ವಲ್ಪ ಸ್ವಲ್ಪವೇ ಮಣ್ಣೊಳಗೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲಿ ಸಿಗುವುದು ಆ ನೀರೇ.

ಆ ಗದ್ದೆಯಲ್ಲಿ ನಾಟಿ ಮಾಡದೆ ಆರು ವರ್ಷ ಆಗಿತ್ತು, ನಿಜ. ನೋಡಲು ಬಂದವರೆಲ್ಲ 'ಪಾಳು ಜಾಗ' ಅಂದರು. ಅವರು ಬಂದದ್ದು ಬೇಸಿಗೆಯಲ್ಲಿ. ಜುಲೈನಲ್ಲಿ ಬಂದಿದ್ದರೆ ಮೊಣಕಾಲುದ್ದ ನೀರು ಕಾಣುತ್ತಿತ್ತು. ಬದುವಿನ ತುಂಬ ಕೆಸವು. ಸಂಜೆ ಆರೂವರೆಗೆ ಶುರುವಾದ ಕಪ್ಪೆಗಳ ಕೂಗಿಗೆ ಮನೆಯೊಳಗೆ ಫೋನಿನಲ್ಲಿ ಮಾತಾಡಲು ಆಗುತ್ತಿರಲಿಲ್ಲ. ಬದುವಿನ ಬಿಲಗಳಲ್ಲಿ ಏಡಿ, ಏಡಿ ಹುಡುಕಿ ಬರುವ ಕೊಕ್ಕರೆ. ಈ ವರ್ಷ ಅಲ್ಲಿ ಕೆಂಪು ಕೆಸರು ಮಾತ್ರ ಇತ್ತು. ರಾತ್ರಿ ಸದ್ದೇ ಇಲ್ಲ. ಅಮ್ಮ ಎರಡು ಸಲ ಎದ್ದು ಕಿಟಕಿ ಹತ್ತಿರ ಹೋಗಿ ನಿಂತಿದ್ದರು.

ಗದ್ದೆಯ ಅಂಚಿನಲ್ಲಿ ಒಂದು ಹಳೇ ಅತ್ತಿ ಮರ ಇತ್ತು. ಅದೂ ಹೋಯ್ತು. ಅತ್ತಿಗೆ ನಾಟಾ ಬೆಲೆ ಇಲ್ಲ, ಹಾಗಾಗಿ ಅದಕ್ಕಾಗಿ ಯಾರೂ ಜಗಳ ಮಾಡಲಿಲ್ಲ. ಬೀಟೆ ಆಗಿದ್ದರೆ ಕಥೆ ಬೇರೆ. ಆದರೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗೆ ಬೇಕಾದ್ದು ಅತ್ತಿ ಹಣ್ಣು, ಗೂಡಿಗೆ ಹಳೇ ದಪ್ಪ ಮರದ ಪೊಟರೆ. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಕಡಿದ ಮರಕ್ಕೆ ಬದಲಾಗಿ ಸಸಿ ನೆಡಿ ಅನ್ನುತ್ತದೆ. ಇವತ್ತು ನೆಟ್ಟ ಸಸಿಯಲ್ಲಿ ಪೊಟರೆ ಆಗಲು ಎಷ್ಟು ವರ್ಷ ಬೇಕು, ನೀವೇ ಯೋಚಿಸಿ.

ಮರಕ್ಕೆ ಅಷ್ಟಾದರೂ ಕಾಯ್ದೆ ಇದೆ. ಗದ್ದೆಗೆ ಅದೂ ಇಲ್ಲ. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶ ಸಂರಕ್ಷಣೆಯ ನಿಯಮಗಳು ಭತ್ತದ ಗದ್ದೆಯನ್ನು ಹೊರಗಿಟ್ಟಿವೆ. ಅದೇ ಜೌಗು ಪ್ರದೇಶಗಳ ಬಗ್ಗೆ ಇರುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ದೇಶಗಳು 2008ರಲ್ಲಿ ಭತ್ತದ ಗದ್ದೆಯೂ ಜೌಗು ಪ್ರದೇಶವೇ ಅಂತ ಒಪ್ಪಿ ನಿರ್ಣಯ ಮಾಡಿವೆ. ಪಕ್ಕದ ಕೇರಳ ಅದೇ 2008ರಲ್ಲಿ ಗದ್ದೆ ಮತ್ತು ಜೌಗು ಭೂಮಿ ಉಳಿಸಲು ಪ್ರತ್ಯೇಕ ಕಾಯ್ದೆ ತಂದಿತು. ನಮ್ಮ ಜಿಲ್ಲೆಯ ಗಡಿಯೂರು ಕುಟ್ಟದಿಂದ ಆಚೆ ದಾಟಿದರೆ ಗದ್ದೆಗೆ ಕಾನೂನಿನ ಕಾವಲಿದೆ. ಈಚೆ ಕಡೆ ಕನ್ವರ್ಷನ್, ಅಂದರೆ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ಆದರೆ ಮುಗೀತು.

2018ರ ಆಗಸ್ಟ್ ಯಾರಿಗಾದರೂ ಮರೆತು ಹೋಗುತ್ತಾ? ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಕುಸಿಯಿತು. ವಿಪರೀತ ಮಳೆ ಬಂದಿತ್ತು, ಒಪ್ಪುತ್ತೇನೆ. ಯಾರೂ ಮುಟ್ಟದ ಕಾಡಿನಲ್ಲೂ ಗುಡ್ಡ ಜಾರಿದೆ, ಅದನ್ನೂ ಒಪ್ಪುತ್ತೇನೆ. ಆದರೆ ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮಳೆಯ ಜೊತೆಗೆ ಇನ್ನೊಂದು ಕಾರಣವನ್ನೂ ಹೇಳಿದರು. ಮನೆಗೆ, ರಸ್ತೆಗೆ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದು, ನೀರು ಹೋಗಲು ಸರಿಯಾದ ದಾರಿ ಬಿಡದಿದ್ದದ್ದು. ಇಷ್ಟು ವರ್ಷ ಕಳೆದರೂ ನಾವು ಅದನ್ನೇ ಮಾಡುತ್ತಿದ್ದೇವೆ. ನಮ್ಮ ಕೆಳಗಿನ ತೋಡನ್ನು ಎರಡಡಿ ಪೈಪಿನೊಳಗೆ ತುರುಕಿ ಮೇಲೆ ಮಣ್ಣು ಹಾಕಿದ್ದಾರೆ. ಮೊದಲ ದೊಡ್ಡ ಮಳೆಗೇ ಪೈಪಿನ ಬಾಯಿಗೆ ಕೊಂಬೆ, ಕಸ ಸಿಕ್ಕಿಕೊಂಡಿತು. ನೀರು ರಸ್ತೆ ಹತ್ತಿ, ಪಕ್ಕದ ಲೈನ್ ಮನೆಯ ಅಂಗಳಕ್ಕೆ ನುಗ್ಗಿತು. ಅಲ್ಲಿದ್ದ ಕಾರ್ಮಿಕರ ಅಕ್ಕಿ ಮೂಟೆ ನೆನೆದು ಹೋಯ್ತು. ರೆಸಾರ್ಟ್ ಆಗಲಿ ಅಂತ ಅವರೇನು ಅರ್ಜಿ ಹಾಕಿದ್ದರಾ?

ಗದ್ದೆ ಮಾರಿದವರನ್ನು ನಾನು ಬಯ್ಯುವುದಿಲ್ಲ. ನಾಟಿಗೆ ಜನ ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಉಳಿಯುವುದಿಲ್ಲ. ತೆನೆ ಬಂದ ಮೇಲೆ ಆನೆ ಬರುತ್ತದೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯಲು ಪಕ್ಕದೂರಿನ ಗದ್ದೆಗೆ ಹೋಗುವ ಮನೆಗಳು ಎಷ್ಟಿಲ್ಲ ಈಗ! 'ಉಳಿಸಿ, ಉಳಿಸಿ' ಅಂತ ಸುಮ್ನೆ ಹೇಳಿದರೆ ಸಾಲದು. ಕೇರಳದಲ್ಲಿ 2020ರಿಂದ ಗದ್ದೆಯನ್ನು ಗದ್ದೆಯಾಗಿಯೇ ಇಟ್ಟುಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರು ಮಾಡಿದರು. ದೊಡ್ಡ ಮೊತ್ತವೇನಲ್ಲ. ಆದರೆ ನೀರು ಹಿಡಿದಿಡುವುದೂ ಒಂದು ಕೆಲಸ, ಅದಕ್ಕೂ ಕೂಲಿ ಇದೆ ಅಂತ ಒಂದು ಸರ್ಕಾರ ಒಪ್ಪಿದ ಹಾಗಾಯ್ತಲ್ವಾ? ಮಂಡ್ಯದ ಗದ್ದೆಗೂ ಬೆಂಗಳೂರಿನ ನಲ್ಲಿಗೂ ಹೋಗುವ ಕಾವೇರಿ ಇಂಥ ತೋಡುಗಳಿಂದಲೇ ತುಂಬುವುದು. ನಮ್ಮಲ್ಲೂ ಇಂಥದ್ದೊಂದು ಬೇಕು.

ಇನ್ನೊಂದು ಕೇಳಿಕೆ ಇದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಗದ್ದೆ, ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ), ಇಳಿಜಾರು ಯಾವುದೇ ಇರಲಿ, ಕನ್ವರ್ಷನ್ ಅರ್ಜಿ ಬಂದರೆ ಅಧಿಕಾರಿಗಳೇ, ಮಳೆಗಾಲದಲ್ಲಿ ಒಮ್ಮೆ ಸ್ಥಳಕ್ಕೆ ಬಂದು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮರದ ಬೇರು ಬರೆ ಹಿಡಿದಿದೆ, ಆನೆ ಯಾವ ಕಡೆಯಿಂದ ದಾಟುತ್ತದೆ ಅಂತ ಊರಿನವರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಸಹಿ ಹಾಕಿ.

ಅದಾಗುವ ತನಕ ನಾವು ಮಾಡಬಹುದಾದದ್ದೂ ಇದೆ. ಈ ಮಳೆಗಾಲದಲ್ಲಿ ನಿಮ್ಮ ಮನೆ ಹತ್ತಿರದ ತೋಡು, ನೀರು ನಿಂತ ಗದ್ದೆ, ಅಂಚಿನ ಹಳೇ ಮರಗಳ ಫೋಟೊ, ವಿಡಿಯೊ ತೆಗೆದಿಡಿ. ತಾರೀಕು ಕಾಣುವ ಹಾಗಿರಲಿ. ನನ್ನ ಫೋನಿನಲ್ಲಿ ನಮ್ಮ ಗದ್ದೆಯ ಕಪ್ಪೆ ಕೂಗಿನ ಒಂದು ವಿಡಿಯೊ ಇದೆ, ನಲವತ್ತು ಸೆಕೆಂಡಿನದು. ಮಣ್ಣು ಬೀಳುವ ಮೊದಲು ಇನ್ನಷ್ಟು ತೆಗೆದಿಡಬೇಕಿತ್ತು.