ಡಬ್ಬಲ್ ಚೋಲ್ ಹೊಗೆಸೊಪ್ಪು

ಬೆಳಗಾವಿ ಗಲಾಟೆ ಮತ್ತೆ ಪೇಪರಿಗೆ ಬಂದಿದೆ. 'ಗಡಿ ತಗಾದೆಗೆ ಮಹಾಜನ ಆಯೋಗದ ವರದಿಯೇ ಅಂತಿಮ' ಎಂಬ ಹೇಳಿಕೆಯೂ ಬೆಂಗಳೂರಿನಿಂದ ಬಂದಾಯಿತು. ಅದೇ ದಿನ ನಮ್ಮ ಅಟ್ಟದಲ್ಲಿ, ಅಡಿಕೆ ಗೋಣಿಗಳ ಹಿಂದೆ, ದೊಡ್ಡಜ್ಜನ ಪೈಪಿನ ಹೊಗೆಸೊಪ್ಪಿನ ಡಬ್ಬಿ ಸಿಕ್ಕಿತು. ಸೀಲು ಒಡೆದಿಲ್ಲ. ಈಗಿನ ಪೊಟ್ಟಣಗಳಂತೆ ಶೇ. 85 ಜಾಗ ತಿನ್ನುವ ಎಚ್ಚರಿಕೆಯೂ ಇಲ್ಲ. ಆ ಕಾಲದವರು ಹೆದರದೆ ಸಾಯುತ್ತಿದ್ದರು.

ಕೇರಳದಲ್ಲಿರುವ ನಮ್ಮ ಕಾಸರಗೋಡು ಕರ್ನಾಟಕಕ್ಕೆ ಸೇರಿದ ದಿನ ಒಡೆಯುತ್ತೇನೆ ಅಂತ ಇಟ್ಟದ್ದಂತೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಹೋಗಲಿ ಎಂದು 1967ರಲ್ಲಿ ಮಹಾಜನರು ಬರೆದಾಗ, ದೊಡ್ಡಜ್ಜ ಪೈಪು ಒರೆಸಿ ಬೆಂಕಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡಿದ್ದರಂತೆ. ಆಮೇಲೆ ದೊಡ್ಡಜ್ಜ ಹೋದರು. ಡಬ್ಬಿ ಉಳಿಯಿತು.

ಈಗ ಇದನ್ನು ಸೇದುವುದಾ, ಬೇಡವಾ?

ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಜಾಸ್ತಿ. ಗಾಳಿ ತಾಗದಂತೆ ಇಟ್ಟರೆ ವರ್ಷ ಹೋದಂತೆ ಮಾಗುತ್ತದೆ. ಎಲೆಯ ಮೇಲೆ ಮಿನುಗುವ ಹರಳು ಕಂಡರೆ ಹೆದರಬೇಕಿಲ್ಲ. ನೂಲಿನಂಥ ಬೂಷ್ಟು ಕಂಡರೆ ಎಸೆಯಬೇಕು. ನಮಗೇನು ಇದು ಹೊಸತಲ್ಲ. ಅಡಿಕೆಯನ್ನೂ ಹೀಗೇ ಇಡುತ್ತೇವೆ. ಮೊದಲು ಸಿಂಗಲ್ ಚೋಲ್, ಇನ್ನೂ ಹಳತಾದರೆ ಡಬ್ಬಲ್ ಚೋಲ್. ಧಾರಣೆಯೂ ಏರುತ್ತದೆ.

"ಹಾಗಾದರೆ ಮಹಾಜನ ವರದಿ ಯಾವ ಚೋಲ್ ಭಾವ?" ಎಂದು ಕೇಳಿದೆ.

"ಅದು ಗೋಣಿ ಸಮೇತ ಹುಳ ತಿಂದದ್ದು ಮಾರಾಯ."

ಭಾವನ ಮಾತು ನಾನು ಒಪ್ಪುವುದಿಲ್ಲ. ಕೇರಳ ಒಪ್ಪಲಿಲ್ಲ, ಮಹಾರಾಷ್ಟ್ರವೂ ಒಪ್ಪಲಿಲ್ಲ, ಒಪ್ಪಿದ್ದು ಕರ್ನಾಟಕ ಮಾತ್ರ. ಆದರೂ ಘಮ ಕಡಿಮೆಯಾಗಿದೆಯಾ? ಬೆಳಗಾವಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಬೆಂಗಳೂರಿನವರು ಡಬ್ಬಿ ಎತ್ತಿ ತೋರಿಸುತ್ತಾರೆ. ಬೆಳಗಾವಿ ಕರ್ನಾಟಕಕ್ಕೇ ಎಂಬ ಪುಟ ಓದುತ್ತಾರೆ. ಕಾಸರಗೋಡಿನ ಪುಟ ಬರುವ ಹೊತ್ತಿಗೆ ಮುಚ್ಚಳ ಹಾಕುತ್ತಾರೆ. ಎಂಥಾ ಜೋಪಾನ! ಗಾಳಿ ತಾಗಬಾರದಲ್ವಾ?

ಇಲ್ಲಿ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮೇಷ್ಟ್ರು ಬರುತ್ತಾರೆ. ಮಕ್ಕಳು ಸುಮ್ನೆ ಅವರ ಮುಖ ನೋಡಿಕೊಂಡು ಕೂರುತ್ತಾರೆ. ಮತ್ತೆ ಮನವಿ, ಮತ್ತೆ ಧರಣಿ, ಮತ್ತೆ ಕೋರ್ಟು. ಅಪ್ಪ ಮಾಡಿದ್ದನ್ನೇ ಮಗ ಮಾಡುತ್ತಿದ್ದಾನೆ. ಇದರಲ್ಲಿ ತಮಾಷೆ ಮಾಡಲಿಕ್ಕೆ ಏನೂ ಇಲ್ಲ. ಸಾಕಾಗಿ ಹೋಗಿದೆ.

ಡಬ್ಬಿಯ ಅಂಚಿಗೆ ತುಕ್ಕು ಹಿಡಿದಿದೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಸೂಜಿಮೊನೆಯಷ್ಟು ತೂತಾಗಿದ್ದರೂ ಒಳಗೆ ಬರೀ ಹುಡಿ. ನಾಣ್ಯ ಸಿಕ್ಕಿಸಿ ತಿರುಗಿಸುವಾಗ 'ಸುಯ್' ಅಂದರೆ ಸೀಲು ಗಟ್ಟಿ ಅಂತ ಲೆಕ್ಕ. ನಾಣ್ಯ ಸಿಕ್ಕಿಸಿದೆ, ತಿರುಗಿಸಲು ಕೈ ಬರಲಿಲ್ಲ. ಭಾವ ಆಗಲೇ ವೀಳ್ಯದೆಲೆಗೆ ಸುಣ್ಣ ಹಚ್ಚಿ ಕೂತಿದ್ದರು. ಪೈಪು ಅವರಿಗೆ ಅಭ್ಯಾಸವಿಲ್ಲ, ಒಂದು ಚಿಟಿಕೆ ಬಾಯಿಗಾದೀತು ಎಂಬ ಆಸೆ.

"ದೊಡ್ಡಜ್ಜನ ಮಾತು?" ಎಂದೆ.

"ಆ ದಿನ ಬರುವಾಗ ನನಗೆ ಹಲ್ಲಿರುತ್ತದಾ?"

ಒಳಗಿನಿಂದ ಅಕ್ಕ ಕೂಗಿದಳು. "ಎಂತ ಬೇಕಾದರೂ ಮಾಡಿಕೊಳ್ಳಿ. ಖಾಲಿಯಾದ ಮೇಲೆ ಡಬ್ಬಿ ನನಗೆ ಕೊಡಿ, ಸಾಸಿವೆ ಹಾಕ್ಲಿಕ್ಕೆ ಆಗ್ತದೆ."