ಸ್ಪಷ್ಟನೆ: ಝಡ್‌ರ‍್ಯಾಮ್ ಇದ್ದರೆ ಸ್ವಾಪಿನೆಸ್ 10 ಬೇಡ

‘ಝಡ್‌ರ‍್ಯಾಮ್ ಹಾಕಿ, ಸ್ವಾಪಿನೆಸ್ 10ಕ್ಕೆ ಇಳಿಸಿ’ ಎಂಬ ಸಲಹೆ 4 ಜಿಬಿಯ ಹಳೇ ಲಿನಕ್ಸ್ ಕಂಪ್ಯೂಟರ್ ಇಟ್ಟುಕೊಂಡಿರುವ ಮೈಸೂರು, ಮಂಡ್ಯದವರ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಮೊದಲರ್ಧ ಸರಿ, ಉಳಿದರ್ಧ ತಪ್ಪು. ಸ್ವಾಪ್ ಅಂದರೆ ಮೆಮೊರಿ ಸಾಲದಾದಾಗ ಅದರ ತುಣುಕುಗಳನ್ನು (ಪುಟಗಳನ್ನು) ಬೇರೆಡೆ ಸರಿಸಿಡುವುದು; ಲಿನಕ್ಸ್‌ನ ತಿರುಳಾದ ಕರ್ನಲ್ ಅದಕ್ಕೆ ಎಷ್ಟು ಒಲವು ತೋರಬೇಕು ಎಂಬ ಅಂಕೆಯೇ ಸ್ವಾಪಿನೆಸ್.

10 ಅನ್ನುವುದು ಹಾರ್ಡ್‌ಡಿಸ್ಕ್‌ಗೆ ಸ್ವಾಪ್ ಮಾಡುತ್ತಿದ್ದ ಕಾಲದ ಲೆಕ್ಕ. ಝಡ್‌ರ‍್ಯಾಮ್ ಪುಟಗಳನ್ನು ರ‍್ಯಾಮ್‌ನಲ್ಲೇ ಹಿಂಡಿ ಇಡುತ್ತದೆ. 10 ಇಟ್ಟರೆ ಕರ್ನಲ್ ಝಡ್‌ರ‍್ಯಾಮ್ ಬಿಟ್ಟು ಫೈಲ್ ಕ್ಯಾಶ್ (ಓದಿದ ಫೈಲುಗಳ ಮೆಮೊರಿ ಪ್ರತಿ) ಖಾಲಿ ಮಾಡುತ್ತದೆ. ಬ್ರೌಸರ್‌ನ ಅದೇ ಫೈಲುಗಳನ್ನು ಡಿಸ್ಕ್‌ನಿಂದ ಮತ್ತೆ ಮತ್ತೆ ಓದಬೇಕು, ಡಿಸ್ಕ್ ದೀಪ ಆರುವುದೇ ಇಲ್ಲ.

ಕರ್ನಲ್ 5.8ರಿಂದ ಸ್ವಾಪಿನೆಸ್‌ನ ಗರಿಷ್ಠ ಮಿತಿ 200. 150ರಿಂದ 180 ಇಡಿ. ಪೇಜ್-ಕ್ಲಸ್ಟರ್ (ಸ್ವಾಪ್‌ನಿಂದ ಒಮ್ಮೆಗೆ ಎಷ್ಟು ಪುಟ ಓದಬೇಕೆಂಬ ಅಂಕೆ) 3 ಇದ್ದರೆ 0 ಮಾಡಿ: 3 ಅಂದರೆ ಒಮ್ಮೆಗೆ 8 ಪುಟ, ಝಡ್‌ರ‍್ಯಾಮ್‌ನಲ್ಲಿ ಅದು ಸಿಪಿಯುಗೆ ಬಿಟ್ಟಿ ಚಾಕರಿ. ಝಡ್‌ಸ್ವಾಪ್ (ಪುಟಗಳನ್ನು ಸ್ವಾಪ್‌ಗೆ ಹೋಗುವ ಮುನ್ನವೇ ಹಿಂಡಿಡುವ ಇನ್ನೊಂದು ವ್ಯವಸ್ಥೆ) ಆನ್ ಇದ್ದರೆ ಆಫ್ ಮಾಡಿ. ಡಿಸ್ಕ್ ಸ್ವಾಪೂ ಇದೆಯೇ? ಝಡ್‌ರ‍್ಯಾಮ್‌ಗೆ ಹೆಚ್ಚಿನ ಆದ್ಯತೆ ಕೊಡದಿದ್ದರೆ ಪುಟಗಳು ಡಿಸ್ಕ್‌ಗೇ ಹೋಗಿ 180 ನಿಮಗೇ ತಿರುಗುಬಾಣ.