ಹೊರಗೆ ನೂರಾ ನಾಲ್ಕು, ಒಳಗೆ ಸ್ವೆಟರ್

ಜೂನ್ ಬಂತು ಅಂದರೆ ಸಾಕು, ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಎಸಿ ಜಗಳ ಶುರು. 'ಯುರೋಪಿನವರು ಬೆವರಿ ಬೆವರಿ ಒದ್ದೆಯಾದರೂ ಒಂದು ಎಸಿ ಹಾಕಿಸಲ್ಲ' ಅಂತ ಅಮೆರಿಕದವರು ನಗುತ್ತಾರೆ. 'ಇವರು ಮನೆಯನ್ನೇ ಫ್ರಿಜ್ಜು ಮಾಡಿಕೊಂಡು ಒಳಗೆ ಸೌತೆಕಾಯಿ ಥರ ಕೂತಿರ್ತಾರೆ' ಅಂತ ಯುರೋಪಿನವರು ಹಂಗಿಸುತ್ತಾರೆ. ನೀವೂ ನೋಡಿರ್ತೀರಿ ಬಿಡಿ. ನನ್ನ ಗ್ರಹಚಾರ ಏನೆಂದರೆ, ಈ ಜಗಳ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿದೆ. ಮಗ ಡಲ್ಲಾಸ್‌ನಲ್ಲಿದ್ದಾನೆ, ಮಗಳು ಮ್ಯೂನಿಕ್‌ನಲ್ಲಿ. ಇಬ್ಬರೂ ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ. ಇಪ್ಪತ್ತು ವರ್ಷದ ಹಿಂದೆ, ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನ್ ಯಾರ ಕಡೆ ತಿರುಗಬೇಕು ಅಂತ ಕಿತ್ತಾಡಿದವರು. ಈಗ ಒಬ್ಬ ಅಮೆರಿಕದ ವಕೀಲ, ಇನ್ನೊಬ್ಬಳು ಯುರೋಪಿನ ವಕೀಲೆ. ಫೀಸು ಯಾರೂ ಕೊಟ್ಟಿಲ್ಲ.

ನಾವು ಎರಡೂ ಕಡೆ ಹೋಗಿ ಬಂದಿದ್ದೇವೆ. ಡಲ್ಲಾಸ್‌ನಲ್ಲಿ ಮೊದಲ ದಿನ ಬೆಳಗ್ಗೆ ಮಗ ಫೋನ್ ನೋಡಿ 'ಇವತ್ತು ನೂರಾ ನಾಲ್ಕು' ಅಂದ. ನನ್ನ ಹೆಂಡತಿ ಗಾಬರಿಯಿಂದ ಎದ್ದು ಅವನ ಹಣೆ ಮುಟ್ಟಿ, 'ಡೋಲೋ ತಗೊಂಡ್ಯೇನೋ?' ಅಂದಳು. ಅವಳ ತಪ್ಪೇನಿಲ್ಲ. ನಮ್ಮಲ್ಲಿ ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್. ಅಮೆರಿಕದಲ್ಲಿ ಎರಡಕ್ಕೂ ಒಂದೇ. ಊರಿಗೇ ಜ್ವರ ಬಂದಿದೆಯೋ ಅನ್ನುವ ಹಾಗೆ ಹವಾಮಾನ ಓದುತ್ತಾರೆ.

ಹೊರಗೆ ನೂರಾ ನಾಲ್ಕು, ಅಂದರೆ ನಮ್ಮ 40. ಮನೆಯೊಳಗೆ 68, ಅಂದರೆ ನಮ್ಮ 20. ಹೀಗಾಗಿ ಜೂನ್ ತಿಂಗಳ ಟೆಕ್ಸಾಸ್‌ನಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೂತೆ. ಮನೆಯಿಂದ ಗ್ಯಾರೇಜು, ಗ್ಯಾರೇಜಿನಿಂದ ಕಾರು, ಕಾರಿನಿಂದ ಮಾಲು. ಎಲ್ಲಾ ಕಡೆ ಅದೇ ಇಪ್ಪತ್ತು. ಒಂದು ತಿಂಗಳು ನಾನು ಅಲ್ಲಿನ ಬಿಸಿಲನ್ನು ಗಾಜಿನ ಹಿಂದೆ ನಿಂತೇ ನೋಡಿದೆ, ಬನ್ನೇರುಘಟ್ಟದಲ್ಲಿ ಬಸ್ಸೊಳಗೆ ಕೂತು ಹುಲಿ ನೋಡಿದ ಹಾಗೆ. ಹೋಟೆಲಿಗೆ ಹೋದರೆ ಲೋಟದ ತುಂಬ ಐಸ್. ಸಂದಿಯಲ್ಲಿ ಜಾಗ ಉಳಿದರೆ ನೀರು. 'ಐಸ್ ಬೇಡಮ್ಮ' ಅಂದೆ. ಆ ಹುಡುಗಿ ಬಹಳ ಕನಿಕರದಿಂದ ನಕ್ಕು, ಸ್ವಲ್ಪ ಕಡಿಮೆ ಐಸ್ ಹಾಕಿ ತಂದಳು.

ಈ ಎಸಿ ಮೊದಲು ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಗೊತ್ತಾ? 1902ರಲ್ಲಿ ಬ್ರೂಕ್ಲಿನ್‌ನ ಒಂದು ಪ್ರೆಸ್‌ನಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ಕಾಗದವನ್ನು ಕಾಪಾಡಲು ವಿಲಿಸ್ ಕ್ಯಾರಿಯರ್ ಎಂಬ ಹುಡುಗ ಇಂಜಿನಿಯರು ಈ ಯಂತ್ರ ರೂಪಿಸಿದ. ಆಮೇಲೆ ಅಮೆರಿಕದವರಿಗೆ ತಾವೂ ಕಾಗದದಷ್ಟೇ ನಾಜೂಕು ಅಂತ ಅನಿಸಿರಬೇಕು. ಈಗ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಎಸಿ ಇದೆ. 2021ರ ಜೂನ್‌ನಲ್ಲಿ ಟೆಕ್ಸಾಸ್‌ನ ಕೆಲವು ಮನೆಗಳಲ್ಲಿ ಮಧ್ಯಾಹ್ನ ಮಲಗಿದ್ದವರು ಬೆವರಿ ಎದ್ದರು. ನೋಡಿದರೆ, ವಿದ್ಯುತ್ ಉಳಿಸೋಣ ಅಂತ ಯಾರೋ ದೂರದಿಂದಲೇ ಅವರ ಥರ್ಮೋಸ್ಟಾಟ್ ಅನ್ನು 78ಕ್ಕೆ ಏರಿಸಿದ್ದರು. ಬಹುಮಾನದ ಆಸೆಗೆ ಅದಕ್ಕೆ ಒಪ್ಪಿಗೆ ಕೊಟ್ಟವರು ಅವರೇ. 78 ಅಂದರೆ ಎಷ್ಟು? ಇಪ್ಪತ್ತೈದೂವರೆ. ನಮ್ಮ ಕಲಬುರಗಿಯವರಿಗೆ ಅದು ಸಂಕ್ರಾಂತಿ.

ಇನ್ನು ಮ್ಯೂನಿಕ್. ಮಗಳ ಮನೆ ಇಳಿಜಾರು ಮಾಡಿನ ಕೆಳಗಿನ ಕೊನೇ ಮಹಡಿ. ಜುಲೈನಲ್ಲಿ ಅದು ಇಡ್ಲಿ ಪಾತ್ರೆಯ ಮೇಲಿನ ತಟ್ಟೆ. ಬೆಳಗ್ಗೆ ಎಂಟಕ್ಕೆ ಮಗಳು ಎದ್ದು ಎಲ್ಲಾ ಕಿಟಕಿ ಮುಚ್ಚಿ, ಹೊರಗಿನ ರೋಲಿಂಗ್ ಶಟರ್‌ಗಳನ್ನು ಸರಸರ ಇಳಿಸುತ್ತಾಳೆ, ಬಂದ್ ದಿನ ಚಿಕ್ಕಪೇಟೆಯ ಅಂಗಡಿಗಳ ಹಾಗೆ. ಆಮೇಲೆ ರಾತ್ರಿಯವರೆಗೂ ಕತ್ತಲು. 'ಒಂದು ಎಸಿ ಹಾಕಿಸಬಾರದೇನೇ?' ಅಂದೆ. ಮನೆ ಮಾಲೀಕರ ಒಪ್ಪಿಗೆ ಬೇಕು, ಗೋಡೆಗೆ ತೂತು ಹೊಡೆಯುವ ಹಾಗಿಲ್ಲ, ಮುಂಭಾಗದ ಅಂದ ಕೆಡುತ್ತದೆ, ಪಕ್ಕದವರಿಗೆ ಸದ್ದಾಗುತ್ತದೆ, ಭೂಮಿ ಬಿಸಿಯಾಗುತ್ತದೆ ಅಂತ ಉತ್ತರ ಬಂತು. ಬೆವರು ಒರೆಸಿಕೊಳ್ಳುತ್ತಾ ಹೇಳಿದಳು. ಒಂದು ಥರಾ ತಪಸ್ಸು.

ಒಂದು ಮಧ್ಯಾಹ್ನ ಟ್ರಾಮಿನಲ್ಲಿ ಹೋಗುತ್ತಿದ್ದೆವು. ಹೊರಗೆ ಮೂವತ್ತನಾಲ್ಕು. ನಾನು ಕಿಟಕಿ ತೆರೆದೆ. ಎದುರು ಸೀಟಿನ ಅಜ್ಜಿ ಕತ್ತಿನ ಸ್ಕಾರ್ಫ್ ಸರಿಮಾಡಿಕೊಂಡು ಎದ್ದು, 'ಎಸ್ ತ್ಸೀಟ್' ಅಂತ ಗೊಣಗಿ ಅದನ್ನು ಮುಚ್ಚಿ ಕೂತರು. ಗಾಳಿ ಹೊಡೆಯುತ್ತೆ ಅಂತ ಅರ್ಥವಂತೆ. ಇಟಲಿಯವರಿಗೂ ಈ ಭಯ ಇದೆ. ಗಾಳಿ ತಗುಲಿದರೆ ಕತ್ತು ಹಿಡಿಯುತ್ತೆ, ಹೊಟ್ಟೆ ಕೆಡುತ್ತೆ. ನನಗೆ ತಕ್ಷಣ ನಮ್ಮಜ್ಜಿ ನೆನಪಾದರು. ಏಪ್ರಿಲ್‌ನಲ್ಲೂ ಕಿವಿಗೆ ಹತ್ತಿ, ಬಸ್ಸು ಹತ್ತಿದರೆ ಎಲ್ಲರಿಗೂ ಮಂಕಿ ಕ್ಯಾಪ್. 'ಶೀತ ಗಾಳಿ, ಕಿಟಕಿ ಮುಚ್ಚೋ' ಅಂತ ಕಂಡಕ್ಟರಿಗೇ ಬೈಯುತ್ತಿದ್ದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ್ದರೆ ಭಾಷೆ ಬರದೆಯೂ ಒಂದು ಗಂಟೆ ಮಾತಾಡಿಕೊಳ್ಳುತ್ತಿದ್ದರು. ಆದರೆ ಇದೇ ಜರ್ಮನಿಯವರು ಜನವರಿಯಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ, ದಿನಕ್ಕೆ ಎರಡು ಮೂರು ಸಲ ಎಲ್ಲಾ ಕಿಟಕಿ ಹಾರು ಹೊಡೆದು ಮನೆಗೆ ಗಾಳಿ ಕುಡಿಸುತ್ತಾರೆ. ಬೇಸಿಗೆಯ ಗಾಳಿ ರೋಗ, ಚಳಿಗಾಲದ ಗಾಳಿ ಔಷಧಿ. ಆಯುರ್ವೇದದವರು ಇದನ್ನು ಯಾವಾಗಲಾದರೂ ಬಿಡಿಸಿ ಹೇಳಬೇಕು.

ಸೆಖೆಯಲ್ಲಿ ನೀರು ಕುಡಿಯೋಣ ಅಂದರೆ ಅದೂ ಕಷ್ಟ. ಹೋಟೆಲಿನಲ್ಲಿ ಸುಮ್ನೆ ನೀರು ಕೇಳಿದರೆ 'ಗ್ಯಾಸಿಂದಾ, ಗ್ಯಾಸ್ ಇಲ್ಲದ್ದಾ?' ಅಂತ ಕೇಳಿ, ಬಾಟಲಿ ತಂದು ಬಿಲ್ಲಿಗೆ ಸೇರಿಸುತ್ತಾರೆ. ಕುಡಿದ ನೀರು ಹೊರಗೆ ಹೋಗಬೇಕಲ್ಲ, ರೈಲ್ವೆ ಸ್ಟೇಷನ್ನಿನಲ್ಲಿ ಅದಕ್ಕೆ ಒಂದು ಯೂರೋ. ಹೆದ್ದಾರಿಯ ಟಾಯ್ಲೆಟ್ಟಿನಲ್ಲಿ ದುಡ್ಡು ಹಾಕಿದರೆ ಒಂದು ಚೀಟಿ ಬರುತ್ತದೆ. ಅದನ್ನು ತೋರಿಸಿದರೆ ಪಕ್ಕದ ಅಂಗಡಿಯ ಕಾಫಿಗೆ ಅಷ್ಟು ವಜಾ. ಕಾಫಿ ಕುಡಿದರೆ ಮತ್ತೆ ಟಾಯ್ಲೆಟ್. ಇಂಥ ಚಕ್ರಬಡ್ಡಿ ಮಾರ್ವಾಡಿ ಅಂಗಡಿಯಲ್ಲೂ ನೋಡಿಲ್ಲ. ಅಮೆರಿಕದಲ್ಲಿ ಇದೆಲ್ಲ ಬಿಟ್ಟಿ. ಸುಮ್ಮನೆ ಆದದ್ದಲ್ಲ. 1970ರಲ್ಲಿ ಕೆಲವು ಹೈಸ್ಕೂಲ್ ಹುಡುಗರು ದುಡ್ಡಿನ ಟಾಯ್ಲೆಟ್ ವಿರುದ್ಧ ಸಂಘವನ್ನೇ ಕಟ್ಟಿದರು. 1973ರಲ್ಲಿ ಷಿಕಾಗೋ ಅದನ್ನು ನಿಷೇಧಿಸಿತು. ಕ್ರಾಂತಿ ಅಂದರೆ ಅದು. ಆದರೆ ಗೆದ್ದ ಖುಷಿಯಲ್ಲಿ ಬಾಗಿಲು ಪೂರ್ತಿ ಹಾಕುವುದನ್ನು ಮರೆತರು. ಮೇಲೆ ಗೇಣು, ಕೆಳಗೆ ಮೊಳ, ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿ. ಒಳಗೆ ಕೂತವನಿಗೆ ಹೊರಗೆ ಹೋಗುವವರ ಜೊತೆ ಕಣ್ಣು ಕೂಡುತ್ತದೆ.

ಎಲ್ಲಿದ್ದೆ? ಹಾಂ, ಎಸಿ. ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಲ್ಲ, 2024. ಆಟಗಾರರ ವಸತಿಗೆ ಎಸಿ ಇಲ್ಲ, ನೆಲದಡಿಯ ತಣ್ಣೀರಿನ ಕೊಳವೆಯೇ ಸಾಕು ಅಂದರು. ಒಳ್ಳೆಯ ಯೋಚನೆಯೇ. ಅಮೆರಿಕದವರು 'ನಮ್ಮ ಎಸಿ ನಾವೇ ತರ್ತೀವಿ' ಅಂದರು. ಅದು ಬಿಡಿ, ಜರ್ಮನಿ, ಇಟಲಿ, ಬ್ರಿಟನ್ನಿನವರೂ ಹಾಗೇ ಅಂದರು! ಕೊನೆಗೆ ಸುಮಾರು 2,500 ಎಸಿ ಬಂದವು. ಆ ಮನೆಗಳಲ್ಲಿದ್ದ ಮಂಚಗಳು ರಟ್ಟಿನವು. ಕಾಗದಕ್ಕೆ ಎಸಿ ಬೇಕು ಅಂತ 1902ರಲ್ಲೇ ತೀರ್ಮಾನವಾಗಿರಲಿಲ್ಲವೇ?

ಕಳೆದ ವರ್ಷ, ಅಂದರೆ 2025ರ ಸೆಖೆಯಲ್ಲಿ, ಫ್ರಾನ್ಸಿನಲ್ಲಿ ಎಸಿಗೆ ಪಕ್ಷವೂ ಸಿಕ್ಕಿತು. ದೇಶಕ್ಕೆಲ್ಲ ಎಸಿಯ ಮಹಾಯೋಜನೆ ಬೇಕು ಅಂತ ಬಲಪಂಥದ ಮರೀನ್ ಲ ಪೆನ್ ಅಂದರು. ಪರಿಸರದವರು ಬೇಡ ಅಂದರು. ಈಗ ಸ್ವಿಚ್ ಹಾಕಿದರೆ ಬಲ, ಆರಿಸಿದರೆ ಎಡ. ಬೀಸಣಿಗೆ ಹಿಡಿದವನು ಪಕ್ಷೇತರ.

ಇಷ್ಟೆಲ್ಲ ನಗುತ್ತಾ ಬರೆಯಬಹುದಿತ್ತು. ಹೋದ ವಾರ ಮಗ ಗ್ರೂಪಿನಲ್ಲಿ ಒಂದು ಸಾಲು ಹಾಕಿದ. 2022ರ ಬೇಸಿಗೆಯ ಶಾಖಕ್ಕೆ ಯುರೋಪಿನಲ್ಲಿ 61 ಸಾವಿರಕ್ಕೂ ಹೆಚ್ಚು ಜನ ಸತ್ತರು ಅನ್ನುವ ಅಂದಾಜು. ಪಕ್ಕದಲ್ಲಿ ಕಣ್ಣೀರು ಬರುವಷ್ಟು ನಗುವ ಮುಖ. ಐದು ನಿಮಿಷಕ್ಕೆ ಮಗಳ ತಿರುಗೇಟು. 2023ರಲ್ಲಿ ಅಮೆರಿಕದ ಫೀನಿಕ್ಸ್ ನಗರ ಇರುವ ಮಾರಿಕೋಪಾ ಕೌಂಟಿ ಒಂದರಲ್ಲೇ ಶಾಖಕ್ಕೆ 645 ಸಾವು. ಅವಳದ್ದೂ ಅದೇ ಮುಖ.

ಸ್ಕೋರು ಹೇಳುತ್ತಿದ್ದೀರೇನ್ರೋ?

2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15 ಸಾವಿರ ಜನ ಹೋದರು. ಹೆಚ್ಚಿನವರು ವಯಸ್ಸಾದವರು, ಎಷ್ಟೋ ಜನ ಒಂಟಿ. ಮನೆಯವರು, ಮಂತ್ರಿಗಳು, ಎಲ್ಲ ರಜೆಯಲ್ಲಿ. ಪ್ಯಾರಿಸ್ಸಿನ ಶವಾಗಾರಗಳು ತುಂಬಿ, ರುಂಜಿಸ್ ಸಗಟು ಮಾರುಕಟ್ಟೆಯ ಕೋಲ್ಡ್ ಸ್ಟೋರೇಜಿನಲ್ಲಿ ಹೆಣ ಇಟ್ಟರು. ಅಷ್ಟು ದೊಡ್ಡ ತಣ್ಣನೆಯ ಕೋಣೆ ಊರಲ್ಲಿ ಇತ್ತು ಅಂತ ಆಯಿತಲ್ಲ. ಸೆಪ್ಟೆಂಬರಿನಲ್ಲಿ, ಯಾರೂ ಕೇಳಿ ಬಾರದ 57 ಜನರನ್ನು ಸರ್ಕಾರವೇ ಮಣ್ಣು ಮಾಡಿತು. ಅಧ್ಯಕ್ಷ ಷಿರಾಕ್ ಬಂದು ನಿಂತಿದ್ದರು. ಅಮೆರಿಕದ ಕತೆ ಬೇರೆಯೇನಲ್ಲ. 2018ರಲ್ಲಿ ಅರಿಜೋನಾದಲ್ಲಿ ಒಬ್ಬ ಅಜ್ಜಿ ಕರೆಂಟ್ ಬಿಲ್ಲಿನಲ್ಲಿ 51 ಡಾಲರ್ ಬಾಕಿ ಉಳಿಸಿಕೊಂಡಿದ್ದರು. ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನ ಲೈನ್ ಕಿತ್ತರು. ಮನೆಯಲ್ಲಿ ಎಸಿ ಇತ್ತು, ಅಜ್ಜಿ ಸತ್ತರು.

ಅಂದದ ಮುಂಭಾಗವನ್ನು ಮುದುಕರ ಉಸಿರಿಗಿಂತ ದೊಡ್ಡದು ಮಾಡಿದವರು ಒಂದು ಕಡೆ, 51 ಡಾಲರನ್ನು ದೊಡ್ಡದು ಮಾಡಿದವರು ಇನ್ನೊಂದು ಕಡೆ. ನಡುವೆ ನೀವಿಬ್ಬರು ನಗುವ ಮುಖ ಅಂಟಿಸುತ್ತಾ ಕೂತಿದ್ದೀರಿ. ಹೀಗೇ ಬರೆದು ಹಾಕಿದೆ. ಗ್ರೂಪು ಎರಡು ದಿನ ತೆಪ್ಪಗಿತ್ತು. ಮೂರನೇ ದಿನ ಮಗಳು 'ಅಪ್ಪಾ, ಅಲ್ಲಿ ಹೇಗಿದೆ ಸೆಖೆ?' ಅಂತ ಕೇಳಿದಳು.

ಏನು ಹೇಳಲಿ? ಬೆಂಗಳೂರಿನಲ್ಲಿ ಫ್ಯಾನೇ ಬೇಡ ಅಂತ ನೆಂಟರ ಮುಂದೆ ಎದೆ ಉಬ್ಬಿಸುತ್ತಿದ್ದ ವಂಶ ನಮ್ಮದು. ಈ ಏಪ್ರಿಲ್‌ನಲ್ಲಿ ಸೋತು, ಎಸಿ ಹಾಕಿಸಲು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿಗೆ ಅರ್ಜಿ ಕೊಟ್ಟೆ. ಮೊನ್ನೆ ಉತ್ತರ ಬಂತು. ಹೊರಗಿನ ಯೂನಿಟ್ ರಸ್ತೆ ಕಡೆ ಕಾಣುವಂತಿಲ್ಲ, ಕಟ್ಟಡದ ಮುಂಭಾಗದ ಅಂದ ಕೆಡುತ್ತದೆ. ಪತ್ರ ಹಿಡಿದು ಕೆಳಗಿಳಿದು, ರಸ್ತೆಗೆ ಹೋಗಿ ನಿಂತು ಆ ಅಂದವನ್ನು ನೋಡಿದೆ. ಐದು ಮಹಡಿ, ಮೂವತ್ತು ಬಾಲ್ಕನಿ, ಎಲ್ಲದರಲ್ಲೂ ಬನಿಯನ್ನು, ಲುಂಗಿ, ಒಂದು ಕಡೆ ಸಂಡಿಗೆ. ಫೋಟೋ ತೆಗೆದು ಪತ್ರದ ಜೊತೆ ಮ್ಯೂನಿಕ್‌ಗೆ ಕಳಿಸಿದೆ.